ಮಗ್ಗದ ಮನೆಯ ಶರಣ: ಮುದನೂರಿನ ಜೇಡರ ದಾಸಿಮಯ್ಯನವರು

ವಾಡಿ ಜಂಕ್ಷನ್ನಿನಿಂದ ದಕ್ಷಿಣಕ್ಕೆ ಹೊರಡುವ ರೈಲುಹಾದಿಯು ಯಾದಗಿರಿಯನ್ನು ಮುಟ್ಟುತ್ತದೆ. ಅದರಾಚೆ, ಭೀಮೆ ಕೃಷ್ಣೆಯರ ನಡುವಿನ ಸುರಪುರ ಸೀಮೆಯಲ್ಲಿ ಮುದನೂರು ಇದೆ. 2009ರ ಕೊನೆಯಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೂ ವಾಡಿ, ಮುದನೂರುಗಳೆರಡೂ ಗುಲ್ಬರ್ಗಾ ಜಿಲ್ಲೆಗೇ ಸೇರಿದ್ದವು. ಆದ್ಯ ವಚನಕಾರರೆಂದು ಕನ್ನಡ ನಾಡು ನೆನೆಯುವ ಜೇಡರ ದಾಸಿಮಯ್ಯನವರು ಈ ನೆಲದವರು. ಅಲ್ಲಿಯ ಆರಾಧ್ಯದೈವ ರಾಮನಾಥನೇ ಅವರ ವಚನಗಳ ಅಂಕಿತ.

'ಜೇಡ' ಎಂದರೆ ನೇಕಾರ. ದಾಸಿಮಯ್ಯನವರ ಹೆಸರಿನೊಡನೆ ಕಸುಬು ಬೆರೆತಿರುವುದು ಆಕಸ್ಮಿಕವಲ್ಲ. ಮಗ್ಗದ ಕೆಲಸವು ಲಾಳಿ ಹಿಡಿದಾಗ ಆರಂಭವಾಗುವುದಿಲ್ಲ. ನೂಲನ್ನು ಬಿಡಿಸಬೇಕು, ಹಾಸು ಹಾಕಬೇಕು, ಗಂಜಿ ತೊಡೆದು ಒಣಗಿಸಬೇಕು, ಒಂದೊಂದು ಎಳೆಯನ್ನೂ ಹಣಿಗೆಯಲ್ಲಿ ಪೋಣಿಸಬೇಕು. ಅತ್ತ ಕಂಡಿಕೆ ಸುತ್ತುವ ಕೈ ನಿಂತರೆ ಇತ್ತ ಲಾಳಿಯೂ ನಿಲ್ಲುತ್ತದೆ. ಆದುದರಿಂದ ನೇಕಾರನ ಮನೆಯೆಂದರೆ ಅದೇ ಕಾರ್ಯಾಗಾರ, ಮನೆಮಂದಿಯೇ ಸಹಕರ್ಮಿಗಳು. ಇಂದಿಗೂ ಆಡುಮಾತಿನಲ್ಲಿ ಉಳಿದಿರುವ 'ಹಾಸುಹೊಕ್ಕು' ಎಂಬ ನುಡಿ ಹುಟ್ಟಿದ್ದು ಇಂಥ ಮನೆಗಳಲ್ಲಿಯೇ.

ದಾಸಿಮಯ್ಯನವರ ಧರ್ಮಪತ್ನಿ ದುಗ್ಗಳೆಯವರು ಸ್ವತಃ ವಚನಕಾರ್ತಿ. ಅವರ ಅಂಕಿತ 'ದಾಸಯ್ಯಪ್ರಿಯ ರಾಮನಾಥ'. ಪತಿಯ ಹೆಸರನ್ನೂ ಪತಿಯ ಇಷ್ಟದೈವವನ್ನೂ ಒಂದೇ ಅಂಕಿತದಲ್ಲಿ ಅವರು ಹೆಣೆದಿದ್ದಾರೆ. ಸತಿಪತಿಗಳು ಒಂದಾಗಿ ಮಾಡುವ ಭಕ್ತಿಯೇ ಶಿವನಿಗೆ ಹಿತವೆಂಬ ದಾಸಿಮಯ್ಯನವರ ನಿಲುವು ಪ್ರಸಿದ್ಧವಾದುದು. ಅದನ್ನು ಬರಿಯ ನೀತಿಬೋಧೆಯೆಂದು ತಿಳಿಯಲಾಗದು. ಇಬ್ಬರ ಕೈಗಳು ಕೂಡದೆ ಒಂದು ಮೊಳ ಬಟ್ಟೆಯೂ ಹುಟ್ಟದ ಮನೆಯ ಅನುಭವವೇ ಅದರ ಹಿಂದಿದೆ. ಹೆಣ್ಣು ಗಂಡೆಂಬುದು ದೇಹದ ಗುರುತು ಮಾತ್ರ, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲವೆಂದು ಅವರು ಹೇಳಿದ್ದೂ ಇದೇ ಬಾಳಿನೊಳಗಿನಿಂದ.

ಸಂಸಾರಿಯ ಕಷ್ಟವನ್ನು ಅವರು ಮರೆಮಾಚಲಿಲ್ಲ. ಒಡಲುಳ್ಳವನಿಗೆ ಹಸಿವು ತಪ್ಪದು, ಹಸಿವಿನಿಂದ ಸುಳ್ಳೂ ತಪ್ಪದು. ನೀನೂ ಒಮ್ಮೆ ಒಡಲು ಧರಿಸಿ ನೋಡೆಂದು ದೇವರನ್ನೇ ಕೇಳುವ ಧೈರ್ಯ ಅವರದು. ದುಡಿದು ಉಣ್ಣುವವನಿಗೆ ಮಾತ್ರ ಬರುವ ಸಲಿಗೆಯಿದು.

ಅವರು ಬಹುಶ್ರಮದಿಂದ ನೇಯ್ದ ವಸ್ತ್ರವನ್ನು ಜಂಗಮರೂಪದಲ್ಲಿ ಬಂದ ಶಿವನಿಗೆ ಅರ್ಪಿಸಿ, ಎಂದೂ ಬರಿದಾಗದ ತವನಿಧಿಯನ್ನು ಪಡೆದರೆಂಬುದು ಶರಣ ಪರಂಪರೆಯ ನಂಬುಗೆ. ಬಸವಣ್ಣನವರ ವಚನಗಳಲ್ಲಿಯೂ ಇದರ ಸ್ಮರಣೆಯುಂಟು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ದಾಸಯ್ಯನವರ ಕಥೆ ಬರುತ್ತದೆ. ಆ ಪುರಾಣವನ್ನು 1369ರಲ್ಲಿ ಭೀಮಕವಿ ಕನ್ನಡಕ್ಕೆ ತಂದನು. ಕಥೆ ಕೇಳುವವರು ತವನಿಧಿಯನ್ನು ನೆನೆದು ಬೆರಗಾಗುವುದು ಸಹಜ. ಆದರೆ ಅದಕ್ಕೂ ಮೊದಲಿನ ಗಳಿಗೆ ಹೆಚ್ಚು ಮಹತ್ವದ್ದು. ಕೊಟ್ಟ ವಸ್ತ್ರವೇ ಆ ಮನೆಯ ನಾಳಿನ ಅನ್ನ. ಅದರಲ್ಲಿದ್ದುದು ಇಬ್ಬರ ದುಡಿಮೆ. ಆದುದರಿಂದ ಆ ದಾನವೂ ಇಬ್ಬರದೇ.

ದಾಸಿಮಯ್ಯನವರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕಲ್ಯಾಣ ಚಾಲುಕ್ಯ ಇಮ್ಮಡಿ ಜಯಸಿಂಹನ ರಾಣಿ ಸುಗ್ಗಲದೇವಿಗೆ ದೀಕ್ಷೆಯಿತ್ತ ದೇವರ ದಾಸಿಮಯ್ಯನವರೇ ಇವರೆಂದು ಎಣಿಸುವವರ ಪ್ರಕಾರ ಇವರು 11ನೆಯ ಶತಮಾನದವರು. ಇಬ್ಬರೂ ಬೇರೆ ಎನ್ನುವವರಿಗೆ ದುಗ್ಗಳೆಯವರ ಒಂದು ವಚನ ಮುಖ್ಯ ಆಧಾರ; ಅದರಲ್ಲಿ ಬಸವಣ್ಣ, ಪ್ರಭುದೇವರ ಹೆಸರುಗಳು ಬರುವುದರಿಂದ ಇವರ ಕಾಲ 12ನೆಯ ಶತಮಾನಕ್ಕೆ ಸರಿಯುತ್ತದೆ. ಪತಿಯ ಕಾಲವನ್ನು ನಿರ್ಣಯಿಸಲು ಪತ್ನಿಯ ಮಾತು ಸಾಕ್ಷಿಯಾಗಿ ನಿಂತಿರುವುದು ಈ ದಾಂಪತ್ಯಕ್ಕೆ ಒಪ್ಪುವಂತಹುದೇ ಆಗಿದೆ.

1973ರಲ್ಲಿ ಎ. ಕೆ. ರಾಮಾನುಜನ್ ಅವರು ಇಂಗ್ಲಿಷಿಗೆ ತಂದ ವಚನಗಳ ಸಂಕಲನದಲ್ಲಿ ಬಸವಣ್ಣ, ಅಲ್ಲಮ, ಅಕ್ಕಮಹಾದೇವಿಯರ ಜೊತೆಗೆ ದಾಸಿಮಯ್ಯನವರೂ ಇದ್ದಾರೆ. ಹೀಗೆ ಮುದನೂರಿನ ಮಗ್ಗದ ಮನೆಯ ಮಾತು ಲೋಕದ ಓದುಗರನ್ನು ಮುಟ್ಟಿತು.

ಮನೆ ತೊರೆದು ಮುಕ್ತಿ ಅರಸಿದವರನ್ನು ಲೋಕ ಬಹುವಾಗಿ ಕೊಂಡಾಡಿದೆ. ದಾಸಿಮಯ್ಯನವರು ಮನೆಯಲ್ಲಿ ಉಳಿದರು, ನೇಯ್ದರು, ಮಡದಿಯೊಡನೆ ಹಂಚಿಕೊಂಡು ಉಂಡರು, ಬಂದವರಿಗೆ ಉಡಿಸಿದರು. ವಾಡಿ, ಶಹಾಬಾದ ಸೀಮೆಯಲ್ಲಿ ಕಲ್ಲು ಸೀಳಿ, ಸಿಮೆಂಟಿನ ಧೂಳಿನಲ್ಲಿ ದುಡಿದು ಸಂಜೆ ಮನೆಗೆ ಮರಳುವ ಸಂಸಾರಿಗೆ ಈ ಶರಣರ ಬಾಳು ದೂರದ್ದಲ್ಲ.