ಲೈಪ್‌ಜಿಗ್‌ನ ಸ್ಪಿನ್ನೆರಾಯ್: ಗಿರಣಿಯೊಂದರ ಮರುಹುಟ್ಟು

ಪರಿಚಯ

ಜರ್ಮನಿಯ ಲೈಪ್‌ಜಿಗ್ ನಗರದ ಪಶ್ಚಿಮ ಭಾಗದಲ್ಲಿ ಸುಮಾರು 10 ಹೆಕ್ಟೇರ್ ವಿಸ್ತಾರದ ಇಟ್ಟಿಗೆ ಕಟ್ಟಡಗಳ ಸಮುಚ್ಚಯವೊಂದಿದೆ. ಅದರ ಹೆಸರು ಸ್ಪಿನ್ನೆರಾಯ್. ಜರ್ಮನ್ ಭಾಷೆಯಲ್ಲಿ ಇದಕ್ಕೆ ನೂಲುವ ಗಿರಣಿ ಎಂದು ಅರ್ಥ. ಇಂದು ಅಲ್ಲಿರುವುದು ಸುಮಾರು 100 ಕಲಾವಿದರ ಕಾರ್ಯಾಗಾರಗಳು ಮತ್ತು ಕಲಾ ಗ್ಯಾಲರಿಗಳು.

ಗಿರಣಿಯ ಉತ್ಕರ್ಷ

ಗಿರಣಿ ಸ್ಥಾಪನೆಯಾದದ್ದು 1884ರಲ್ಲಿ. ಕಾಲು ಶತಮಾನ ತುಂಬುವುದರೊಳಗೆ ಅದು 2,40,000 ಕದಿರುಗಳೊಂದಿಗೆ, ಬ್ರಿಟನ್ ಹೊರತುಪಡಿಸಿದ ಯೂರೋಪಿನಲ್ಲೇ ಅತಿ ದೊಡ್ಡ ಹತ್ತಿ ನೂಲಿನ ಗಿರಣಿಯಾಯಿತು. ಕಾರ್ಮಿಕರ ವಸತಿ, ಶಿಶುವಿಹಾರ, ಕೈತೋಟಗಳೂ ಸೇರಿ ಅದು ಊರೊಳಗಿನ ಊರಾಗಿತ್ತು. ಈ ಸಮೃದ್ಧಿಗೆ ಇನ್ನೊಂದು ಮುಖವೂ ಇತ್ತು: ಪೂರ್ವ ಆಫ್ರಿಕಾದ ಜರ್ಮನ್ ವಸಾಹತಿನಲ್ಲಿ ಕಂಪನಿ ತನ್ನದೇ ಹತ್ತಿ ತೋಟಗಳನ್ನು ಹೊಂದಿತ್ತು. ಗಿರಣಿಯ ಚರಿತ್ರೆ ಹೇಳುವಾಗ ಇದನ್ನು ಮರೆಯಲಾಗದು.

ಅವಸಾನ

ಎರಡನೆಯ ಮಹಾಯುದ್ಧದ ಬಳಿಕ ಗಿರಣಿ ಪೂರ್ವ ಜರ್ಮನಿಯ ಸರ್ಕಾರಿ ಉದ್ಯಮವಾಯಿತು. 1990ರಲ್ಲಿ ಎರಡೂ ಜರ್ಮನಿಗಳು ಒಂದಾದಾಗ ಪೂರ್ವ ಭಾಗದ ಕಾರ್ಖಾನೆಗಳು ಮುಕ್ತ ಮಾರುಕಟ್ಟೆಯ ಪೈಪೋಟಿಗೆ ಒಮ್ಮೆಲೇ ಒಡ್ಡಿಕೊಂಡವು. 1993ರ ಹೊತ್ತಿಗೆ ನೂಲು ತೆಗೆಯುವ ಕೆಲಸ ನಿಂತಿತು. ದುಡಿಯುತ್ತಿದ್ದವರಲ್ಲಿ ಹೆಚ್ಚಿನವರು ಕೆಲಸ ಕಳೆದುಕೊಂಡರು.

ಕಲಾವಿದರ ಆಗಮನ

ಗಿರಣಿ ಕಲೆಯ ತಾಣವಾದದ್ದು ಯಾವ ಸರ್ಕಾರಿ ಯೋಜನೆಯ ಫಲವೂ ಅಲ್ಲ. ಖಾಲಿ ಬಿದ್ದಿದ್ದ ಹಜಾರಗಳಿಗೆ ಬಾಡಿಗೆ ಅಗ್ಗವಾಗಿತ್ತು. ಕಲಾವಿದರು ಒಬ್ಬೊಬ್ಬರಾಗಿ ಬಂದರು. ಕಟ್ಟಡದ ರಚನೆಯೇ ಅವರಿಗೆ ಒದಗಿಬಂತು. ಕಡಿದ ಎಳೆಯನ್ನು ಕಣ್ಣು ಕೂಡಲೇ ಹಿಡಿಯಬೇಕಾದ್ದರಿಂದ ನೂಲುವ ಹಜಾರಕ್ಕೆ ಹಗಲ ಬೆಳಕು ಬೇಕು. ಅದಕ್ಕಾಗಿ ಇಟ್ಟ ದೊಡ್ಡ ಕಿಟಕಿಗಳು ಚಿತ್ರಕಾರನಿಗೂ ಬೆಳಕು ಕೊಟ್ಟವು. ಯಂತ್ರಗಳ ಸಾಲಿಗೆಂದು ಗೋಡೆಯ ಅಡ್ಡಿಯಿಲ್ಲದೆ ಬಿಟ್ಟ ಜಾಗದಲ್ಲಿ ಆಳೆತ್ತರದ ಕ್ಯಾನ್ವಾಸ್‌ಗಳು ನಿಂತವು. ಯಂತ್ರಗಳ ಭಾರಕ್ಕೂ ನಡುಕಕ್ಕೂ ಜಗ್ಗದ ನೆಲ ಶಿಲ್ಪಗಳನ್ನು ಹೊತ್ತಿತು.

ಮೊದಲು ಬಂದವರಲ್ಲಿ ಚಿತ್ರಕಾರ ನೇಯೋ ರೌಖ್ ಒಬ್ಬರು. ಅವರೂ ಅವರ ನಂತರದ ಪೀಳಿಗೆಯ ಚಿತ್ರಕಾರರೂ ‘ನವ ಲೈಪ್‌ಜಿಗ್ ಪಂಥ’ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಿತರಾದರು.

ಇಂದಿನ ಬಳಕೆ

2001ರಲ್ಲಿ ಗಿರಣಿ ಹೊಸ ಮಾಲೀಕರ ಕೈಸೇರಿತು. ಅವರು ಕಟ್ಟಡಗಳನ್ನು ಕೆಡವದೆ ಹಂತಹಂತವಾಗಿ ದುರಸ್ತಿ ಮಾಡಿಸಿದರು; ಹಳೆಯ ಗಿರಣಿಯೊಂದಕ್ಕೆ ಮಾಡಬಹುದಾದ ಅತ್ಯಂತ ವಿವೇಕದ ಕೆಲಸ ಇದೇ. 2005ರಲ್ಲಿ ನಗರದ ಪ್ರಮುಖ ಗ್ಯಾಲರಿಗಳು ಇಲ್ಲಿಗೆ ಸ್ಥಳಾಂತರಗೊಂಡವು. ‘ಹಾಲೆ 14’ ಎಂಬ ಕಟ್ಟಡದಲ್ಲಿ ಲಾಭದ ಉದ್ದೇಶವಿಲ್ಲದ ಕಲಾಕೇಂದ್ರವಿದೆ. ‘ರುಂಡ್‌ಗಾಂಗ್’ ಎಂಬ ಸಾಮೂಹಿಕ ಪ್ರದರ್ಶನದ ದಿನಗಳಲ್ಲಿ ಇಲ್ಲಿನ ಗ್ಯಾಲರಿಗಳೆಲ್ಲ ಒಟ್ಟಾಗಿ ಸಾರ್ವಜನಿಕರಿಗೆ ತೆರೆದಿರುತ್ತವೆ.