ಐರಾವತಿಯಲ್ಲಿ ಡಯಾನಾ

ಬಂದರಿನಲ್ಲಿ ದೊಡ್ಡ ಹಡಗೊಂದನ್ನು ಪುಟ್ಟ ದೋಣಿ ಹಗ್ಗ ಕಟ್ಟಿ ಎಳೆಯುವುದನ್ನು ನೀವು ನೋಡಿರಬಹುದು. ಅದೇ ಟಗ್ ಬೋಟ್. ಇಂಥದೊಂದು ದೋಣಿ ಇನ್ನೂರು ವರ್ಷಗಳ ಹಿಂದೆ ಯುದ್ಧಕ್ಕೂ ಹೋಗಿತ್ತು.

ಅದರ ಹೆಸರು ಡಯಾನಾ. 1823ರಲ್ಲಿ ಕಲ್ಕತ್ತೆಯ ಕಿಡ್ಡರ್‌ಪುರದಲ್ಲಿ ನೀರಿಗಿಳಿದ ಉಗಿದೋಣಿ. ಹೂಗ್ಲಿ ನದಿಯಲ್ಲಿ ಹಾಯಿಹಡಗುಗಳನ್ನು ಎಳೆಯುವುದು ಅದರ ಕೆಲಸವಾಗಿತ್ತು. 1824ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೂ ಬರ್ಮಾದ ಅರಸನಿಗೂ ಯುದ್ಧ ಶುರುವಾಯಿತು. ಡಯಾನಾ ಬೇಕೆಂದು ಒತ್ತಾಯಿಸಿದವನು ನೌಕಾಧಿಕಾರಿ ಫ್ರೆಡೆರಿಕ್ ಮ್ಯಾರಿಯಟ್. ಮುಂದೆ ಕಾದಂಬರಿಕಾರನಾಗಿ ಹೆಸರಾದವನು ಇವನೇ.

ಟಗ್ ಬೋಟೇ ಏಕೆ? ಬರ್ಮಾದ ರಾಜಧಾನಿ ಆವಾ ಇದ್ದದ್ದು ರಂಗೂನಿನಿಂದ ನೂರಾರು ಮೈಲಿ ಮೇಲೆ, ಐರಾವತಿ ನದಿಯ ದಡದಲ್ಲಿ. ಗಾಳಿ ನಿಂತರೆ ಹಾಯಿಹಡಗು ಪ್ರವಾಹದೆದುರು ಕದಲದು. ಬರ್ಮಾದವರ ಉದ್ದನೆಯ ಯುದ್ಧದೋಣಿಗಳಿಗೆ ಆ ಕಷ್ಟವಿರಲಿಲ್ಲ. ಹತ್ತಾರು ಜನ ಒಟ್ಟಿಗೆ ಹುಟ್ಟು ಹಾಕಿದರೆ ಅವು ಬಾಣದಂತೆ ಓಡುತ್ತಿದ್ದವು.

ಆದರೆ ತೋಳು ಸೋಲುತ್ತದೆ. ಒಲೆಗೆ ಉರುವಲು ಇರುವವರೆಗೆ ಯಂತ್ರ ಸೋಲುವುದಿಲ್ಲ. ಡಯಾನಾ ಅಟ್ಟಿಸಿಕೊಂಡು ಹೋದರೆ ಹುಟ್ಟು ಹಾಕುವವರು ದಣಿದು ಸಿಕ್ಕಿಬೀಳುತ್ತಿದ್ದರು. ಅದರ ಮೇಲೆ ಸಣ್ಣ ತೋಪುಗಳೂ ಕಾಂಗ್ರೀವ್ ರಾಕೆಟ್‌ಗಳೂ ಇದ್ದವು. ಮೈಸೂರಿನ ಹೈದರ್, ಟಿಪ್ಪು ಸೈನ್ಯದ ರಾಕೆಟ್‌ಗಳನ್ನು ಕಂಡ ಮೇಲೆ ಇಂಗ್ಲಿಷರು ರೂಪಿಸಿಕೊಂಡ ಅಸ್ತ್ರ ಅದು. ಆದರೂ ಡಯಾನಾದ ದೊಡ್ಡ ಬಲ ಹಗ್ಗವೇ. ಭಾರದ ಹಡಗುಗಳನ್ನು ಎಳೆದೊಯ್ದು ಬೇಕಾದಲ್ಲಿ ನಿಲ್ಲಿಸುತ್ತಿತ್ತು, ಸೈನಿಕರನ್ನು ಸಾಗಿಸುತ್ತಿತ್ತು. 1825ರ ಏಪ್ರಿಲ್ 1ರಂದು ದನುಬ್ಯುವಿನಲ್ಲಿ ಬರ್ಮಾದ ಸೇನಾಪತಿ ಮಹಾ ಬಂದೂಲ ಮಡಿದ. 1826ರ ಫೆಬ್ರವರಿಯಲ್ಲಿ, ಸೈನ್ಯ ಆವಾದ ಹತ್ತಿರ ಬಂದಾಗ, ಯಾಂಡಬೋ ಒಪ್ಪಂದವಾಯಿತು.

ಯಂತ್ರ ಗೆದ್ದಿತು ಎಂದು ಇಲ್ಲಿಗೇ ಮುಗಿಸಬೇಡಿ. ಕಂಪನಿಯ ಕಡೆಯ ಸುಮಾರು 40,000 ಸೈನಿಕರಲ್ಲಿ 15,000 ಮಂದಿ ಸತ್ತರು. ಹೆಚ್ಚಿನವರನ್ನು ಕೊಂದದ್ದು ಜ್ವರ, ಭೇದಿ. ಸತ್ತವರಲ್ಲಿ ಮದ್ರಾಸಿನಿಂದ ಹಡಗು ಹತ್ತಿದ ಸಿಪಾಯಿಗಳೂ ಇದ್ದರು. ಬರ್ಮಾಕ್ಕೆ ಹೊರಡಲೊಲ್ಲೆವೆಂದ ಬಂಗಾಳದ ಸಿಪಾಯಿಗಳ ಮೇಲೆ 1824ರ ನವೆಂಬರ್‌ನಲ್ಲಿ ಬ್ಯಾರಕ್‌ಪುರದಲ್ಲಿ ಕಂಪನಿಯೇ ತೋಪು ಹಾರಿಸಿತು. ಬರ್ಮಾ ಒಂದು ಕೋಟಿ ರೂಪಾಯಿ ದಂಡ ತೆತ್ತು, ಅರಕಾನ್, ತೆನಸ್ಸೆರಿಮ್ ಕಳೆದುಕೊಂಡಿತು. ಅಸ್ಸಾಂ, ಮಣಿಪುರಗಳ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟಿತು.

ಭಾರತದ ಭೂಪಟದ ಈಶಾನ್ಯ ಮೂಲೆಯನ್ನು ಈಗೊಮ್ಮೆ ನೋಡಿ. ಆ ಗೆರೆಗಳ ಹಿಂದೆ ಹಡಗುಗಳನ್ನೆಳೆದ ಒಂದು ಪುಟ್ಟ ದೋಣಿಯೂ ಇದೆ, ಮನೆಗೆ ಮರಳದ ಸಾವಿರಾರು ಸಿಪಾಯಿಗಳೂ ಇದ್ದಾರೆ. ದೋಣಿಯ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?