ನಾಲ್ಕು ಅಂಗೈ ಅಗಲದ ನೆಲ

ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕೇ ನಾಲ್ಕು ಕಡೆ. ಒಂದೊಂದು ಕಡೆಯೂ ಹೆಚ್ಚುಕಡಿಮೆ ಒಂದು ಅಂಗೈ ಅಗಲ. ಗಂಡ, ಮಕ್ಕಳು, ಅತ್ತೆ, ಡಿಕ್ಕಿಯಲ್ಲಿರುವ ಹಪ್ಪಳದ ಡಬ್ಬ, ಎಲ್ಲದರ ಭಾರವೂ ಆ ನಾಲ್ಕು ಅಂಗೈಗಳ ಮೇಲೆ. ಬದನೆಕಾಯಿಯನ್ನು ತಿರುಗಿಸಿ ನೋಡಿ ಕೊಳ್ಳುವ, ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡುವ ನಾವು ಹೆಂಗಸರು, ಟೈರು ಎಂದ ಕೂಡಲೇ ‘ಅದು ಗಂಡಸರ ವಿಷಯ’ ಎಂದು ಹಿಂದಿನ ಸೀಟಿನಲ್ಲಿ ಕುಳಿತುಬಿಡುತ್ತೇವೆ. ಚಕ್ರದ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಿದರೆ, ಅದು ಮನೆಯ ವಿಷಯವೇ ಹೌದೆಂದು ತಿಳಿಯುತ್ತದೆ.

ನನ್ನ ತವರು ಮಾಗಡಿ ಕಡೆಯ ಹಳ್ಳಿ. ಸೇರಿದ ಮನೆ ಚನ್ನಪಟ್ಟಣ. ನಾದಿನಿಯನ್ನು ಕೊಟ್ಟಿರುವುದು ಕನಕಪುರಕ್ಕೆ, ಮಗಳ ಕೆಲಸ ರಾಮನಗರದಲ್ಲಿ. 2007ರಲ್ಲಿ ಈ ನಾಲ್ಕು ತಾಲ್ಲೂಕು ಸೇರಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಹೆಸರು ಏನೇ ಆಗಲಿ, ನಮ್ಮ ಬಂಧುಬಳಗದ ಓಡಾಟವೆಲ್ಲ ಈ ನಾಲ್ಕು ಊರುಗಳ ರಸ್ತೆಗಳ ಮೇಲೆಯೇ. ಆ ರಸ್ತೆ ಬದಲಾದಾಗಲೆಲ್ಲ ಅದರ ಮೇಲಿನ ಚಕ್ರವೂ ಬದಲಾಗಿದೆ.

ನಮ್ಮಜ್ಜನ ಕಾಲದಲ್ಲಿ ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ. ಆಚಾರಿಯು ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಚಕ್ರಕ್ಕೆ ತೊಡಿಸಿ, ಮೇಲೆ ನೀರು ಸುರಿಯುತ್ತಿದ್ದನಂತೆ. ಕಾದಾಗ ಹಿಗ್ಗಿದ ಕಬ್ಬಿಣ ತಣಿದಾಗ ಕುಗ್ಗಿ ಮರವನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಮಾಗಡಿಯ ತಿರುಮಲೆ ರಂಗನಾಥಸ್ವಾಮಿಯ ತೇರಿಗೆ ಹೋಗಿ ಬಂದರೆ ಎರಡು ದಿನ ಸೊಂಟ ನೋವೆಂದು ನಮ್ಮಜ್ಜಿ ಹೇಳುತ್ತಿದ್ದರು. ಎತ್ತುಗಳ ಹೆಗಲಿನ ನೋವನ್ನು ಹೇಳುವವರು ಯಾರು?

ಆ ನೋವಿಗೆ ಮದ್ದು ಕಂಡದ್ದು ಒಬ್ಬ ಪಶುವೈದ್ಯನಿಂದ ಎಂಬುದು ಚರಿತ್ರೆಯ ಒಂದು ಚೆಲುವು. ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ರಬ್ಬರ್ ಟೈರು ಮಾಡಿ, 1888ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಅವನಿಗಿಂತ ನಾಲ್ಕು ದಶಕ ಮೊದಲೇ ರಾಬರ್ಟ್ ಥಾಮ್ಸನ್ ಎಂಬಾತ ಇಂಥದೇ ಒಂದನ್ನು ಮಾಡಿದ್ದರೂ ಅದು ಬಳಕೆಗೆ ಬರಲಿಲ್ಲ. ಡನ್‌ಲಪ್ ಹೆಸರಿನ ಕಂಪನಿ 1936ರಲ್ಲಿ ಬಂಗಾಳದ ಸಹಾಗಂಜ್‌ನಲ್ಲಿ ಕಾರ್ಖಾನೆ ತೆರೆಯಿತು. ಮುಂದೆ ಎತ್ತಿನ ಗಾಡಿಗಳಿಗೂ ಗಾಳಿಯ ಟೈರು ಬಂತು. ನಮ್ಮ ಕಡೆ ಅದು ‘ಟೈರು ಗಾಡಿ’. ಮನೆ ಮುಂದೆ ಟೈರು ಗಾಡಿ ನಿಂತಿದ್ದರೆ ಹೆಣ್ಣು ಕೊಡುವವರ ಕಣ್ಣಿಗೆ ಆ ಮನೆ ಒಂದು ತೂಕ ಹೆಚ್ಚು! ಮಗುವಿಗಾಗಿ ಮಾಡಿದ್ದು ಕೊನೆಗೆ ದನಗಳಿಗೂ ನೆಮ್ಮದಿ ಕೊಟ್ಟಿತು.

ಆದರೆ ಟೈರು ಸುಲಭಕ್ಕೆ ಸಿಗುವ ವಸ್ತುವಾಗಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ರಬ್ಬರಿನ ಕಣಜವಾಗಿದ್ದ ಮಲಯ ಜಪಾನೀಯರ ವಶವಾದಾಗ ಜಗತ್ತಿಗೇ ರಬ್ಬರಿನ ಬರ ಬಂತು. ಇಲ್ಲಿ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡಿದವು. ಆ ಕಾಲ ಕಂಡವರು ಒಂದು ಟೈರನ್ನೂ ಎಸೆಯಲಿಲ್ಲ. ಸವೆದದ್ದಕ್ಕೆ ಮೇಲೆ ಹೊಸ ರಬ್ಬರ್ ಹಚ್ಚಿಸಿ ಓಡಿಸಿದರು. ಅದೂ ಮುಗಿದ ಮೇಲೆ ಚಪ್ಪಲಿಯ ಅಟ್ಟೆ, ಬಾವಿಯ ನೀರು ಸೇದುವ ಬಾನಿ, ಮಕ್ಕಳ ಉಯ್ಯಾಲೆ. ‘ಬಟನ್ ಇರೋವರೆಗೂ ಓಡಲಿ’ ಎಂಬ ಮಾತು ನಮ್ಮ ಮನೆಗಳಲ್ಲಿ ಹುಟ್ಟಿದ್ದು ಆ ಬಡತನದಲ್ಲಿ. ಬಟನ್ ಎಂದರೆ ಟೈರಿನ ಮೈಮೇಲಿನ ಗೀರು-ಉಬ್ಬುಗಳು.

ಅಂಬಾಸಿಡರ್ ಕಾಲಕ್ಕೆ ಆ ಮಾತು ಸರಿಯಾಗಿಯೇ ಇತ್ತು. ಮದುವೆಯ ದಿಬ್ಬಣದಿಂದ ಹಿಡಿದು ಹೆರಿಗೆ ಆಸ್ಪತ್ರೆಯವರೆಗೆ ಒಂದೇ ಕಾರು ಹತ್ತು ಮನೆಗೆ ದುಡಿಯುತ್ತಿತ್ತು. ಟೈರಿಗೆ ಮುದಿತನ ಬರುವ ಮೊದಲೇ ಸವೆದು ಬೋಳಾಗುತ್ತಿತ್ತು. ಕಿರಿದಾದ ಮೈಸೂರು ರಸ್ತೆಯಲ್ಲಿ ರೇಷ್ಮೆಗೂಡಿನ ಗಾಡಿ, ಲಾರಿ, ಬಸ್ಸುಗಳ ನಡುವೆ ಯಾವ ಕಾರೂ ಹೆಚ್ಚು ವೇಗ ಹಿಡಿಯುವ ಹಾಗಿರಲಿಲ್ಲ. ಆಗಿನ ಟೈರಿನೊಳಗೆ ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಿರುತ್ತಿದ್ದವು; ಅದಕ್ಕೆ ಕ್ರಾಸ್‌ಪ್ಲೈ ಎಂದು ಹೆಸರು. ಮೈಸೂರಿನಲ್ಲಿ ಕರ್ನಾಟಕ ಸರ್ಕಾರದ ಆಸರೆಯಿಂದ ಬೆಳೆದ ವಿಕ್ರಾಂತ್ ಟೈರ್ಸ್ ನಮ್ಮವರ ಹೆಮ್ಮೆಯಾಗಿತ್ತು. 1997ರಲ್ಲಿ ಅದು ಜೆ.ಕೆ. ಟೈರ್ ಕೈಸೇರಿತು.

ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಹಕ್ಕು ಪಡೆದ ರೇಡಿಯಲ್ ಟೈರು ನಮ್ಮ ಊರಿನ ಕಾರುಗಳಿಗೆ ಬರುವ ಹೊತ್ತಿಗೆ ನನಗೆ ಮದುವೆಯಾಗಿ ಮಕ್ಕಳಾಗಿದ್ದವು. ಇದರಲ್ಲಿ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಅಡ್ಡ ಹಾಯುತ್ತವೆ. ಮೇಲೆ, ಸೊಂಟಕ್ಕೆ ಡಾಬು ಕಟ್ಟಿದ ಹಾಗೆ, ಉಕ್ಕಿನ ತಂತಿಯ ಪಟ್ಟಿ ಸುತ್ತುತ್ತದೆ. ಬದಿಗಳು ಮೃದುವಾಗಿ ಬಳುಕುತ್ತವೆ, ನೆಲ ಕಚ್ಚುವ ಭಾಗ ಗಟ್ಟಿಯಾಗಿ ನಿಲ್ಲುತ್ತದೆ. ಬಾಳಿಕೆ ಹೆಚ್ಚು, ಬಿಸಿ ಕಡಿಮೆ. ಈ ಹೊತ್ತಿಗೆ ಕಾರೇ ನಮ್ಮ ಹಿತ್ತಿಲಿಗೆ ಬಂದಿತ್ತು: ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1997ರಲ್ಲಿ ಸ್ಥಾಪನೆಯಾದ ಕಂಪನಿಯದು, 2010ರಲ್ಲಿ ಅಲ್ಲಿಂದಲೇ ಎಟಿಯೋಸ್ ಎಂಬ ಸೆಡಾನ್ ಹೊರಬಂತು. ಸೆಡಾನ್ ಎಂದರೆ ಹಿಂದೆ ಬೇರೆಯಾಗಿ ಡಿಕ್ಕಿ ಇರುವ ಕಾರು.

ಆಮೇಲೆ 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. 118 ಕಿಲೋಮೀಟರ್ ಉದ್ದ. ರಾಮನಗರ, ಚನ್ನಪಟ್ಟಣಗಳ ಒಳಗೆ ಬಾರದೆ ಪಕ್ಕದಲ್ಲೇ ಹಾಯ್ದುಹೋಗುತ್ತದೆ. ಮೊದಲ ತಿಂಗಳುಗಳಲ್ಲೇ ಎಷ್ಟೋ ಮನೆಗಳ ದೀಪ ಅಲ್ಲಿ ಆರಿತು. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಅದರ ಮುಖ್ಯ ದಾರಿಯಲ್ಲಿ ನಿಷೇಧ ಬಂತು. ಕಾರಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಆ ವೇಗದಲ್ಲಿ ನಮ್ಮ ಕಾರಿನಂಥ ಚಕ್ರ ಒಂದು ಸೆಕೆಂಡಿಗೆ ಸುಮಾರು 14 ಸುತ್ತು ಸುತ್ತುತ್ತದೆ. ಸುತ್ತಿಗೊಮ್ಮೆ ಟೈರಿನ ಬದಿ ಬಾಗಿ ನೆಟ್ಟಗಾಗುತ್ತದೆ. ಗಾಳಿ ಕಡಿಮೆಯಿದ್ದರೆ ಹೆಚ್ಚು ಬಾಗುತ್ತದೆ, ಹೆಚ್ಚು ಬಾಗಿದಷ್ಟೂ ಹೆಚ್ಚು ಕಾಯುತ್ತದೆ. ಹಳೆಯ ರಬ್ಬರಾದರೆ ಅದನ್ನು ತಡೆಯದು. ಟೈರು ಸಿಡಿಯುವುದು ಬಹಳ ಸಲ ಹೀಗೆ.

ನಮ್ಮ ಸೆಡಾನ್ 2016ರದು. ನಡುವೆ ಕೊರೋನಾ ಬಂದು ಅದು ಗೇಟಿನೊಳಗೇ ನಿಂತಿತ್ತು. ಏಳು ವರ್ಷದಲ್ಲಿ ಓಡಿದ್ದು 31,000 ಕಿಲೋಮೀಟರ್. ಅತ್ತೆಯ ಕಣ್ಣಿನ ಚಿಕಿತ್ಸೆಗೆ ತಿಂಗಳಿಗೊಮ್ಮೆ ಮೈಸೂರಿಗೆ ಹೊಸ ದಾರಿಯಲ್ಲಿ ಹೋಗಬೇಕಾಗಿ ಬಂದಾಗ ಟೈರಿನ ಮಾತೆದ್ದಿತು. ಯಜಮಾನರು, ‘ಬಟನ್ ಚೆನ್ನಾಗಿದೆಯಲ್ಲೇ, ಇನ್ನೆರಡು ವರ್ಷ ಓಡುತ್ತೆ’ ಎಂದರು. ಮಗಳು ಬಗ್ಗಿ ಟೈರಿನ ಬದಿಯನ್ನು ಓದಿದಳು. ‘ಅಮ್ಮಾ, ಇಲ್ಲಿ 2416 ಅಂತಿದೆ ನೋಡು. 2016ನೇ ಇಸವಿಯ 24ನೇ ವಾರ ತಯಾರಾದದ್ದು.’ ಬೆರಳಾಡಿಸಿದರೆ ಬೇಸಿಗೆಯ ಕೆರೆಯಂತೆ ಸಣ್ಣ ಸಣ್ಣ ಬಿರುಕು. ಸವೆಯದಿದ್ದರೂ ಮುದಿಯಾಗಿತ್ತು. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು, ಹತ್ತು ವರ್ಷವಾದರೆ ಬಟನ್ ಎಷ್ಟೇ ಇರಲಿ ಬದಲಿಸಬೇಕು ಎನ್ನುತ್ತಾರೆ ತಯಾರಕರು. ಬಿರುಕು ಕಂಡರೆ ಹತ್ತರವರೆಗೂ ಕಾಯುವ ಹಾಗಿಲ್ಲ.

ಅಂಗಡಿಗೆ ನಾವಿಬ್ಬರೂ ಹೋದೆವು. 185/65 R15 88H ಎಂಬುದು ನಮಗೆ ಮೊದಲು ಮಂತ್ರದಂತಿತ್ತು. ಬಿಡಿಸಿದರೆ ಲಂಗ-ರವಿಕೆಯ ಅಳತೆಯಷ್ಟೇ ಸರಳ. ಅಗಲ 185 ಮಿಲಿಮೀಟರ್; ಬದಿಯ ಎತ್ತರ ಅದರ ನೂರಕ್ಕೆ 65ರಷ್ಟು; R ಎಂದರೆ ರೇಡಿಯಲ್; ಒಳಗಿನ ರಿಮ್ಮು 15 ಇಂಚು; 88 ಎಂದರೆ ಒಂದು ಟೈರು ಹೊರಬಲ್ಲ ಭಾರ 560 ಕಿಲೋ; H ಎಂದರೆ ಗಂಟೆಗೆ 210 ಕಿಲೋಮೀಟರ್‌ವರೆಗಿನ ವೇಗ ತಾಳುತ್ತದೆ. ಮಗನಿಗೆ ದೊಡ್ಡ ರಿಮ್ಮು, ದಪ್ಪ ಟೈರಿನ ಆಸೆ. ಹೆದ್ದಾರಿಗೆ ಅದು ಚೆಂದ. ಆದರೆ ನಾದಿನಿಯ ಮನೆಗೆ ಕನಕಪುರದ ದಾರಿಯ ಗುಂಡಿಯಲ್ಲೂ ಇಳಿಯಬೇಕು, ಮಾಗಡಿ ಕಡೆಯ ಮಣ್ಣು ಹಾದಿಯಲ್ಲೂ ಹೋಗಬೇಕು. ಬದಿ ಗಿಡ್ಡವಾದಷ್ಟೂ ಗುಂಡಿಯ ಪೆಟ್ಟು ರಿಮ್ಮಿಗೇ. ಅಳತೆ ಕೆಟ್ಟರೆ ವೇಗದ ಮುಳ್ಳೂ ಸುಳ್ಳು ಹೇಳುತ್ತದೆ. ಹಾಗಾಗಿ ಕಾರಿನವರು ಗೊತ್ತುಮಾಡಿದ ಅಳತೆಯೇ ಇರಲೆಂದೆ. ಐ.ಎಸ್.ಐ. ಗುರುತು ನೋಡಿದೆವು, ತಯಾರಾದ ವಾರ ನೋಡಿದೆವು. ಮೂಲೆಯಲ್ಲಿ ಎರಡು ವರ್ಷದಿಂದ ಕೂತಿದ್ದ ರಿಯಾಯಿತಿಯ ಟೈರು ಬೇಡವೆಂದೆವು. ಕಾಸಿಗೆ ತಕ್ಕ ಕಜ್ಜಾಯ ತಾನೆ?

ನಾಲ್ಕಕ್ಕೆ 20,000 ರೂಪಾಯಿಯ ಆಸುಪಾಸು. ದಸರೆಯ ಸೀರೆಗೆಂದು ಕೂಡಿಟ್ಟದ್ದರಲ್ಲಿ ಅರ್ಧ ಅಲ್ಲಿಗೆ ಹೋಯಿತು. ಅಷ್ಟು ಆಗದವರು ಎರಡೇ ಕೊಳ್ಳಬಹುದು. ಆಗ ಹೊಸವೆರಡನ್ನು ಹಿಂದಿನ ಚಕ್ರಗಳಿಗೆ ಹಾಕಿಸಿ. ಎಷ್ಟೋ ಅಂಗಡಿಗಳಲ್ಲಿ ಮುಂದಕ್ಕೆ ಹಾಕುತ್ತಾರೆ. ಆದರೆ ಮಳೆಯಲ್ಲಿ ಮುಂದಿನ ಟೈರು ಜಾರಿದರೆ ವೇಗ ತಗ್ಗಿಸಿ ಹಿಡಿತಕ್ಕೆ ತರಬಹುದು, ಹಿಂದಿನದು ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ. ಗಾಳಿ ಎಷ್ಟಿರಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುತ್ತದೆ. ಟೈರು ತಣ್ಣಗಿರುವಾಗ, ಬೆಳಿಗ್ಗೆ, ಹಾಲಿನವನು ಬರುವ ಹೊತ್ತಿಗೇ ನೋಡಿಬಿಡಿ. ಸ್ಟೆಪ್ನಿಯನ್ನೂ ಮರೆಯಬೇಡಿ.

ಹೊಸದು ಕೂಡಿಸಿದ ಮೇಲೆ ಅಂಗಡಿಯವರು ಹಳೆಯ ನಾಲ್ಕಕ್ಕೂ ತಲಾ 300 ರೂಪಾಯಿ ಕೊಡುತ್ತೇನೆಂದರು. ‘ಏನು ಮಾಡ್ತೀರಿ?’ ಎಂದೆ. ‘ಬಟನ್ ಇದೆಯಲ್ಲಮ್ಮ, ಪಾಲಿಶ್ ಹಾಕಿದರೆ ಯಾರಾದರೂ ತಗೋತಾರೆ’ ಎಂದರು. ಯಾರಾದರೂ ಎಂದರೆ ಯಾರು? ಹೊಸದು ಕೊಳ್ಳಲಾಗದ ಒಬ್ಬ ಬಾಡಿಗೆ ಕಾರಿನವನು. ಅವನ ಹಿಂದಿನ ಸೀಟಿನಲ್ಲಿ ಯಾರದೋ ಬಸುರಿ ಮಗಳು, ಯಾರದೋ ಅತ್ತೆ. ನಮಗೆ ಬೇಡವಾದ ಅಪಾಯವನ್ನು 1,200 ರೂಪಾಯಿಗೆ ಅವರಿಗೆ ಮಾರಿದಂತಾಗುತ್ತಿತ್ತು. ನಾಲ್ಕರ ಬದಿಯನ್ನೂ ಅಲ್ಲೇ ಕೊಯ್ಸಿದೆ. ಅಂಗಡಿಯವರಿಗೆ ವಿಚಿತ್ರವೆನಿಸಿರಬೇಕು, ಆದರೂ ನಗುತ್ತಲೇ ಕೊಯ್ದರು. ಮೂರು ಗುಜರಿಗೆ ಹೋದವು. ಒಂದನ್ನು ಅತ್ತೆ ಮನೆಗೆ ತರಿಸಿ, ಮಣ್ಣು ತುಂಬಿಸಿ, ದೊಡ್ಡಪತ್ರೆ ನೆಟ್ಟಿದ್ದಾರೆ.